ಸರ್ಕಾರಕ್ಕೆ ಕಳಿಸಬೇಕಿಲ್ಲದ ಫಾರಂ

2013ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಇನ್ಫೋಸಿಸ್ ಅಮೆರಿಕ ಸರ್ಕಾರಕ್ಕೆ 3.4 ಕೋಟಿ ಡಾಲರ್ ಕಟ್ಟಿ ಮೊಕದ್ದಮೆ ಇತ್ಯರ್ಥ ಮಾಡಿಕೊಂಡಿತು. ವ್ಯವಹಾರ ಭೇಟಿಗೆಂದು ಕೊಡುವ ಬಿ-1 ವೀಸಾದ ದುರ್ಬಳಕೆಯ ಆರೋಪವೇ ಅಂದು ದೊಡ್ಡ ಸುದ್ದಿ. ಅದನ್ನು ಕಂಪನಿ ಅಲ್ಲಗಳೆಯಿತು. ಒಪ್ಪಿಕೊಂಡದ್ದು ಮತ್ತೊಂದನ್ನು: 2010 ಮತ್ತು 2011ರ ಐ-9 ಫಾರಂಗಳಲ್ಲಿ ತಪ್ಪುಗಳಿದ್ದವು. ತಪಾಸಣೆ ನಡೆಸಿದವರ ಪ್ರಕಾರ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಫಾರಂಗಳು ದೋಷಪೂರಿತ.

1986ರ ನವೆಂಬರ್ 6ರಂದು ಅಧ್ಯಕ್ಷ ರೇಗನ್ ಸಹಿ ಹಾಕಿದ ವಲಸೆ ಕಾಯ್ದೆಯ ಕೂಸು ಈ ಫಾರಂ; ನೌಕರರಿಗೆ ಅಮೆರಿಕದಲ್ಲಿ ಕೆಲಸ ಮಾಡುವ ಹಕ್ಕಿದೆಯೇ ಎಂದು ಖಚಿತಪಡಿಸಿಕೊಳ್ಳುವುದು ಇದರ ಉದ್ದೇಶ. ಅಲ್ಲಿ ಹೊಸದಾಗಿ ಕೆಲಸಕ್ಕೆ ಸೇರುವವರು ಅಮೆರಿಕದಲ್ಲೇ ಹುಟ್ಟಿದ್ದರೂ ಇದನ್ನು ತುಂಬಲೇಬೇಕು. ಮೊದಲ ಭಾಗವನ್ನು ನೌಕರರು ಕೆಲಸದ ಮೊದಲ ದಿನದೊಳಗೆ ತುಂಬಿ ಸಹಿ ಹಾಕಬೇಕು. ಆಮೇಲೆ ಮೂರು ಕೆಲಸದ ದಿನಗಳೊಳಗೆ ಮಾಲೀಕರ ಕಡೆಯವರು ಅಸಲಿ ದಾಖಲೆ ನೋಡಿ, ಅದರ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಬರೆದು ಸಹಿ ಮಾಡಬೇಕು. ಎಚ್-1ಬಿ ಉದ್ಯೋಗ ವೀಸಾದಲ್ಲಿ ಹೋದ ಎಂಜಿನಿಯರ್ ಸಾಮಾನ್ಯವಾಗಿ ತೋರಿಸುವುದು ಪಾಸ್‌ಪೋರ್ಟ್ ಮತ್ತು ಐ-94 ಎಂಬ ಪ್ರವೇಶ ದಾಖಲೆ. ಅಮೆರಿಕನ್ ಪ್ರಜೆಗೆ ಡ್ರೈವಿಂಗ್ ಲೈಸೆನ್ಸ್, ಸೋಷಿಯಲ್ ಸೆಕ್ಯುರಿಟಿ ಕಾರ್ಡ್ ಸಾಕು.

ತಮಾಷೆಯೆಂದರೆ, ಇಷ್ಟೆಲ್ಲ ತುಂಬಿದ ಫಾರಂ ಯಾವ ಸರ್ಕಾರಿ ಕಚೇರಿಗೂ ಹೋಗುವುದಿಲ್ಲ. ನೌಕರಿಗೆ ಸೇರಿ ಮೂರು ವರ್ಷ ಅಥವಾ ಬಿಟ್ಟು ಒಂದು ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಕಂಪನಿಯ ಬಳಿಯೇ ಇರಬೇಕು. ಕೇಳುವವರಿಲ್ಲ ಎಂಬ ಉದಾಸೀನ ಹುಟ್ಟುವುದು ಇಲ್ಲೇ. ಒಂದು ದಿನ ವಲಸೆ ಇಲಾಖೆಯ ನೋಟಿಸ್ ಬರುತ್ತದೆ. ಫಾರಂಗಳನ್ನು ಒಪ್ಪಿಸಲು ಸಿಗುವ ಖಾತ್ರಿ ಗಡುವು ಮೂರು ಕೆಲಸದ ದಿನ ಮಾತ್ರ. ಸಣ್ಣಪುಟ್ಟ ತಪ್ಪು ತಿದ್ದಲು ಹತ್ತು ಕೆಲಸದ ದಿನ ಕೊಡುತ್ತಾರೆ. ಆದರೆ ತಡವಾಗಿ ಹಾಕಿದ ಸಹಿಯನ್ನು ತಿದ್ದುವುದು ಹೇಗೆ? ಹಿಂದಿನ ದಿನಾಂಕ ಬರೆದರೆ ಅದು ಇನ್ನೂ ದೊಡ್ಡ ಅಪರಾಧ.

ಅಕ್ರಮ ವಲಸಿಗರನ್ನು ಇಟ್ಟುಕೊಂಡವರಿಗೆ ಮಾತ್ರ ದಂಡ ಎಂದುಕೊಂಡವರು ಅಬರ್‌ಕ್ರೋಂಬಿ ಆ್ಯಂಡ್ ಫಿಚ್ ಬಟ್ಟೆ ಕಂಪನಿಯ ಪ್ರಕರಣ ನೋಡಬೇಕು. ಮಿಷಿಗನ್‌ನ ಅದರ ಮಳಿಗೆಗಳಲ್ಲಿ ಗೊತ್ತಿದ್ದೂ ಅನಧಿಕೃತ ನೌಕರರನ್ನು ಸೇರಿಸಿಕೊಂಡದ್ದು ಕಂಡುಬರಲಿಲ್ಲ. ಫಾರಂ ತುಂಬುವ ಕಂಪ್ಯೂಟರ್ ವ್ಯವಸ್ಥೆಯ ಲೋಪಕ್ಕೇ 2010ರಲ್ಲಿ ಹತ್ತು ಲಕ್ಷ ಡಾಲರ್‌ಗೂ ಮೀರಿ ತೆರಬೇಕಾಯಿತು.

ಹಾಗೆಂದು ಅತಿ ಮುತುವರ್ಜಿಯೂ ಅಪಾಯವೇ. ಫಾರಂನ ಪಟ್ಟಿಯಲ್ಲಿರುವ ಯಾವ ದಾಖಲೆ ತೋರಿಸಬೇಕು ಎಂಬುದು ನೌಕರರ ಆಯ್ಕೆ. ಹೆಸರು, ಮೈಬಣ್ಣ ನೋಡಿ ‘ಗ್ರೀನ್ ಕಾರ್ಡೇ ಬೇಕು’ ಎಂದು ಪಟ್ಟು ಹಿಡಿದರೆ ಅದು ತಾರತಮ್ಯ. ನ್ಯಾಯ ಇಲಾಖೆಯವರೆಗೆ ದೂರು ಹೋಗುತ್ತದೆ. ಎಚ್-1ಬಿ ಅವಧಿ ಮುಗಿಯುವಷ್ಟರಲ್ಲಿ ಮರುಪರಿಶೀಲನೆ ಕಡ್ಡಾಯ, ಗ್ರೀನ್ ಕಾರ್ಡ್ ಅವಧಿ ಮುಗಿದರೆ ಮತ್ತೆ ಕೇಳುವಂತೆಯೇ ಇಲ್ಲ! ಎಚ್‌ಆರ್ ವಿಭಾಗದವರು ತಲೆ ಕೆರೆದುಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ಅಮೆರಿಕದಲ್ಲಿ ಓದಿ ಅಲ್ಲೇ ಕೆಲಸ ಹುಡುಕುವ ನಮ್ಮ ಹುಡುಗ ಹುಡುಗಿಯರು ಇನ್ನೊಂದು ಸಂಗತಿ ಗಮನಿಸಬೇಕು. ವಿಜ್ಞಾನ, ಎಂಜಿನಿಯರಿಂಗ್ ಪದವೀಧರರಿಗೆ ಸಿಗುವ 24 ತಿಂಗಳ ಹೆಚ್ಚುವರಿ ಓಪಿಟಿ (ಓದಿನ ನಂತರ ಕೆಲಸ ಮಾಡಲು ಕೊಡುವ ಅನುಮತಿ) ಬೇಕಾದರೆ, ಕಂಪನಿಯು ಐ-9 ವಿವರಗಳನ್ನು ತಾಳೆ ನೋಡುವ ಸರ್ಕಾರದ ಇ-ವೆರಿಫೈ ಜಾಲದಲ್ಲಿ ನೋಂದಾಯಿಸಿರಲೇಬೇಕು. ಆಫರ್ ಪತ್ರಕ್ಕೆ ಸಹಿ ಹಾಕುವ ಮೊದಲೇ ಅದನ್ನು ಕೇಳಿ ತಿಳಿದುಕೊಳ್ಳಿ.