ಹೆಗಲಿಗೊಂದು ಹೊಸ ಕೀಲು

ಕಾರ್ಕಳದ ಬೆಟ್ಟದ ಮೇಲೆ 42 ಅಡಿ ಎತ್ತರದ ಗೊಮ್ಮಟನನ್ನು ನಿಲ್ಲಿಸಿದ್ದು 1432ರಲ್ಲಿ. ಅವನ ಇನ್ನೊಂದು ಹೆಸರು ಬಾಹುಬಲಿ, ಅಂದರೆ ತೋಳಿನಲ್ಲಿ ಬಲವುಳ್ಳವನು. ಆದರೆ ತೋಳು ಎಷ್ಟೇ ಬಲವಾಗಿರಲಿ, ಹೆಗಲ ಕೀಲು ಕೈಕೊಟ್ಟರೆ ತಲೆ ಬಾಚುವುದೂ ಕಷ್ಟ, ರವಕೆ ತೊಡುವುದೂ ಕಷ್ಟ. ಅಜ್ಜಿ "ಕೈ ಎತ್ತಲಿಕ್ಕೆ ಆಗುವುದಿಲ್ಲ ಮಗಾ" ಎಂದರೆ "ವಯಸ್ಸಾಯಿತಲ್ಲ" ಎಂದು ಮನೆಯವರು ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾಗಬೇಕೆ?

ಕೀಲು ಹೇಗಿದೆ?

ಸೊಂಟದ ಕೀಲು ಕಡೆಯುವ ಕಲ್ಲಿನ ಹಾಗೆ. ಆಳವಾದ ಕುಳಿಯಲ್ಲಿ ಗುಂಡು ಭದ್ರವಾಗಿ ಕುಳಿತಿರುತ್ತದೆ. ಹೆಗಲು ಹಾಗಲ್ಲ. ತೋಳಿನ ಮೂಳೆಯ ಗುಂಡು ತಲೆ ದೊಡ್ಡದು, ಅದು ಆನಿಕೊಳ್ಳುವ ಕುಳಿ ಚಿಕ್ಕದು ಮತ್ತು ಆಳವಿಲ್ಲದ್ದು. ಪುಟ್ಟ ತಟ್ಟೆಯ ಮೇಲೆ ಲಿಂಬೆಹಣ್ಣು ಇಟ್ಟಂತೆ. ಅದು ಜಾರದಂತೆ ಹಿಡಿದಿಡುವುದು ಸುತ್ತಲಿನ ನಾಲ್ಕು ಸ್ನಾಯುಗಳು ಮತ್ತು ಅವುಗಳ ನಾರುಪಟ್ಟಿಗಳು. ಆದ್ದರಿಂದಲೇ ದೇಹದ ಕೀಲುಗಳಲ್ಲೆಲ್ಲ ಹೆಚ್ಚು ತಿರುಗುವುದೂ ಇದೇ, ಸುಲಭವಾಗಿ ತಪ್ಪುವುದೂ ಇದೇ.

ಮೂಳೆಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದೆ. ವಯಸ್ಸಿನಿಂದಲೋ ಸಂಧಿವಾತದಿಂದಲೋ ಅದು ಸವೆದರೆ ಮೂಳೆಗೆ ಮೂಳೆ ಉಜ್ಜುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿಬಿದ್ದು ತೋಳಿನ ತಲೆ ಚೂರಾಗುವ ವೃದ್ಧರೂ ಇದ್ದಾರೆ.

ನೂರು ವರ್ಷಕ್ಕೂ ಹಳೆಯ ಯತ್ನ

ಹೆಗಲಿಗೆ ಕೃತಕ ಕೀಲು ಮೊದಲು ಕೂರಿಸಿದವರು ಪ್ಯಾರಿಸ್‌ನ ಶಸ್ತ್ರವೈದ್ಯ ಪೆಯಾನ್, 1893ರಲ್ಲಿ. ಪ್ಲಾಟಿನಂ ಮತ್ತು ಗಟ್ಟಿ ರಬ್ಬರಿನಿಂದ ಮಾಡಿದ ಆ ಕೀಲನ್ನು ಪಡೆದವನು ಕ್ಷಯರೋಗ ತಗುಲಿದ್ದ ಒಬ್ಬ ರೊಟ್ಟಿ ಸುಡುವವ. ಸೋಂಕಿನಿಂದಾಗಿ ಸುಮಾರು ಎರಡು ವರ್ಷಗಳ ಬಳಿಕ ಅದನ್ನು ತೆಗೆಯಬೇಕಾಯಿತು. ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈ ಅವರು ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭಿಸಿದ್ದು 1953ರಲ್ಲಿ. ಅದಾಗಿ ಎರಡೇ ವರ್ಷಕ್ಕೆ, 1955ರಲ್ಲಿ, ನ್ಯೂಯಾರ್ಕಿನ ಡಾ. ಚಾರ್ಲ್ಸ್ ನೀರ್ ತಮ್ಮ ಲೋಹದ ಕೀಲಿನ ಅನುಭವವನ್ನು ಪ್ರಕಟಿಸಿದರು. ಇಂದಿನ ಶಸ್ತ್ರಚಿಕಿತ್ಸೆಗೆ ಅದೇ ಬುನಾದಿ.

ಎರಡು ಬಗೆ

ನಾಲ್ಕು ಸ್ನಾಯುಗಳು ಗಟ್ಟಿಯಾಗಿದ್ದರೆ ತೋಳಿನ ತಲೆಗೆ ಲೋಹದ ಗುಂಡು, ಕುಳಿಗೆ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ಬಟ್ಟಲು. ಆ ಸ್ನಾಯುಗಳೇ ಹರಿದುಹೋಗಿದ್ದರೆ? ಫ್ರಾನ್ಸಿನ ಪೌಲ್ ಗ್ರಾಮಾಂ 1985ರಲ್ಲಿ ಇದಕ್ಕೊಂದು ಉಪಾಯ ಕಂಡುಕೊಂಡರು. ಗುಂಡನ್ನು ಹೆಗಲ ಮೂಳೆಗೂ ಬಟ್ಟಲನ್ನು ತೋಳಿಗೂ ಅದಲುಬದಲಾಗಿ ಜೋಡಿಸುವುದು. ಆಗ ಹೊರಗಿನ ದಪ್ಪ ಡೆಲ್ಟಾಯ್ಡ್ ಸ್ನಾಯುವೊಂದೇ ಕೈಯನ್ನು ಎತ್ತಬಲ್ಲದು. ಸನ್ನೆಕೋಲಿನ ಪಾಠ ಓದಿದ ವಿದ್ಯಾರ್ಥಿಗಳಿಗೆ ಇದರ ಗುಟ್ಟು ಬೇಗ ಹೊಳೆದೀತು.

ಎಲ್ಲರಿಗೂ ಬೇಕಿಲ್ಲ

ಹೆಗಲು ನೋವೆಲ್ಲ ಸವೆತವಲ್ಲ. ಸಕ್ಕರೆ ಕಾಯಿಲೆ ಇರುವವರಲ್ಲಿ ಹೆಚ್ಚಾಗಿ ಕಾಣುವ ಹೆಗಲ ಬಿಗಿತ ಸಾಮಾನ್ಯವಾಗಿ ವ್ಯಾಯಾಮ, ಔಷಧಿಗಳಿಂದ ನಿಧಾನವಾಗಿ ಸಡಿಲವಾಗುತ್ತದೆ. ಕಬಡ್ಡಿ ಆಡುವಾಗ ಕೀಲು ತಪ್ಪಿದ ಹುಡುಗನಿಗೂ ಕೃತಕ ಕೀಲು ಬೇಡ. ಅಂಥ ಕೈಯನ್ನು ಗೆಳೆಯರು ಎಳೆದು ಕೂರಿಸಲು ಹೋಗಬಾರದು, ನರಕ್ಕೆ ಪೆಟ್ಟಾದೀತು. ಜೋಲಿ ಕಟ್ಟಿ ಆಸ್ಪತ್ರೆಗೆ ಒಯ್ದು ಎಕ್ಸ್‌ರೇ ತೆಗೆಸಬೇಕು. ಪದೇ ಪದೇ ತಪ್ಪುವ ಕೀಲಿಗೆ ಬೇರೆಯೇ ಶಸ್ತ್ರಚಿಕಿತ್ಸೆಯಿದೆ.

ಮಾತ್ರೆ, ಚುಚ್ಚುಮದ್ದು, ವ್ಯಾಯಾಮ ಯಾವುದಕ್ಕೂ ಬಗ್ಗದ ನೋವು, ರಾತ್ರಿ ನಿದ್ದೆಗೆಡಿಸುವ ನೋವು ಇದ್ದರೆ ಮಾತ್ರ ಕೀಲು ಬದಲಿಯ ವಿಚಾರ. ಸೋಂಕು, ಕೀಲು ಜಾರುವಿಕೆ, ನರಕ್ಕೆ ಪೆಟ್ಟು ಇವು ವಿರಳವಾದರೂ ಇಲ್ಲದಿಲ್ಲ. ಹತ್ತು ವರ್ಷಗಳ ಬಳಿಕವೂ ಸುಮಾರು ಹತ್ತರಲ್ಲಿ ಒಂಬತ್ತು ಕೀಲುಗಳು ಕೆಲಸ ಮಾಡುತ್ತಿರುತ್ತವೆ.

ಕಾಪುವಿನಿಂದಾಗಲಿ ಕಾರ್ಕಳದಿಂದಾಗಲಿ ಉಡುಪಿ, ಮಣಿಪಾಲದ ಆಸ್ಪತ್ರೆಗೆ ಹೊರಡುವ ಮುನ್ನ ಹಳೆಯ ಎಕ್ಸ್‌ರೇಗಳನ್ನೂ ಈಗ ಸೇವಿಸುತ್ತಿರುವ ಮಾತ್ರೆಗಳ ಚೀಟಿಯನ್ನೂ ಜೊತೆಗಿಟ್ಟುಕೊಳ್ಳಿ. ಯಾವ ಬಗೆಯ ಕೀಲು, ಯಾಕೆ ಅದೇ, ಒಟ್ಟು ಖರ್ಚು ಎಷ್ಟು, ಆಯುಷ್ಮಾನ್ ಕಾರ್ಡ್ ನಡೆಯುತ್ತದೆಯೆ ಎಂದು ಮೊದಲೇ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ಮಕ್ಕಳಿಗೊಂದು ಕೆಲಸ

ಶಸ್ತ್ರಚಿಕಿತ್ಸೆ ಒಂದೆರಡು ತಾಸಿನದು, ಚೇತರಿಕೆ ತಿಂಗಳುಗಳದು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಕೈ ಜೋಲಿಯಲ್ಲಿರುತ್ತದೆ. ಅಜ್ಜಿಯನ್ನು ಎಬ್ಬಿಸುವಾಗ ಆ ಕೈ ಹಿಡಿದು ಎಳೆಯಬಾರದು. ಆಕೆಯೂ ಆ ಕೈಯೂರಿ ಏಳಬಾರದು. ವೈದ್ಯರು ಹೇಳಿಕೊಟ್ಟ ವ್ಯಾಯಾಮ ಬೇಸರದ್ದು, ಮೊದಮೊದಲು ನೋವಿನದ್ದು, ಒಂಟಿಯಾಗಿದ್ದರೆ ತಪ್ಪಿಹೋಗುತ್ತದೆ. ಶಾಲೆಯಿಂದ ಬಂದ ಮೊಮ್ಮಗಳು ದಿನಕ್ಕೆ ಹತ್ತು ನಿಮಿಷ ಪಕ್ಕದಲ್ಲಿ ಕುಳಿತು ಎಣಿಸಿದರೆ ಸಾಕು, ಅಜ್ಜಿಯ ಕೈ ದಿನದಿನಕ್ಕೆ ಇಷ್ಟಿಷ್ಟೇ ಮೇಲೇರುವುದನ್ನು ಅವಳೇ ಮೊದಲು ಕಾಣುತ್ತಾಳೆ.