ಹಳೇ ಎಂಜಿನ್‌ಗೊಂದು ಹೆಸರು

ಚಳಿಗಾಲದ ಶನಿವಾರ, ಭಾನುವಾರಗಳಲ್ಲಿ ಅಮೆರಿಕದ ಊರುಗಳಲ್ಲಿ ಟ್ರೈನ್ ಶೋ ನಡೆಯುತ್ತದೆ. ಶಾಲೆಯ ಜಿಮ್ಮಿನಲ್ಲೋ ಮೈದಾನದ ಶೆಡ್ಡಿನಲ್ಲೋ ಹಾಕಿದ ಉದ್ದುದ್ದ ಮೇಜುಗಳ ಮೇಲೆ ಮಾದರಿ ರೈಲು ಎಂಜಿನ್‌ಗಳನ್ನು ಸಂತೆಯ ಬದನೆಕಾಯಿಯಂತೆ ಗುಡ್ಡೆ ಹಾಕಿರುತ್ತಾರೆ. ನಿಜವಾದ ಎಂಜಿನ್‌ನ 87ರಲ್ಲಿ ಒಂದು ಪಾಲು ಗಾತ್ರ, ಹಳಿಗಳ ನಡುವೆ 16.5 ಮಿಲಿಮೀಟರ್ ಅಂತರ. ಈ ಅಳತೆಗೆ ಎಚ್‌ಒ ಎಂದು ಹೆಸರು. ಮಾರುವವರಲ್ಲಿ ಹವ್ಯಾಸ ಬಿಟ್ಟವರೂ ಇರುತ್ತಾರೆ, ಅಪ್ಪನ ಅಟ್ಟ ಖಾಲಿ ಮಾಡಲು ಬಂದ ಮಕ್ಕಳೂ ಇರುತ್ತಾರೆ. ‘ಓಡುತ್ತಾ?’ ಎಂದರೆ ‘ಹಿಂದೆ ಓಡುತ್ತಿತ್ತು’ ಎಂಬ ಉತ್ತರ. ಸುಳ್ಳಲ್ಲ, ಆದರೆ ಅಷ್ಟನ್ನೇ ನಂಬಿ ದುಡ್ಡು ಬಿಚ್ಚಬಾರದು.

ಈ ಮೇಜುಗಳಲ್ಲಿ ಹೆಚ್ಚು ಸಿಗುವುದು ಕ್ಯಾಲಿಫೋರ್ನಿಯಾದ ಆಥರ್ನ್ ಕಂಪನಿಯ ಹಳೆಯ ಡೀಸೆಲ್‌ಗಳು. ನೀಲಿ ರಟ್ಟಿನ ಪೆಟ್ಟಿಗೆಯಲ್ಲಿ ಬರುತ್ತಿದ್ದುದರಿಂದ ಇವಕ್ಕೆ ‘ಬ್ಲೂ ಬಾಕ್ಸ್’ ಎಂಬ ಹೆಸರೇ ಅಂಟಿಕೊಂಡಿದೆ. ಇಎಂಡಿ ಕಂಪನಿಯ ಎಂಜಿನ್‌ಗಳ ಮಾದರಿಗಳೇ ಇವುಗಳಲ್ಲಿ ಜಾಸ್ತಿ. ನಮ್ಮ ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯುಡಿಜಿ-4 ಕೂಡ ಅದೇ ಮನೆತನದ್ದು. ಆದರೆ ಭಾರತದ ಬ್ರಾಡ್‌ಗೇಜ್ 1,676 ಮಿಲಿಮೀಟರ್. ಅದನ್ನು 87ರಿಂದ ಭಾಗಿಸಿದರೆ 19.26 ಬರುತ್ತದೆ. ಹಾಗಾಗಿ 16.5ರ ಹಳಿಯ ಮೇಲೆ ನಮ್ಮ ರೈಲನ್ನು ಓಡಿಸುವವರು ಆ ಎರಡೂಮುಕ್ಕಾಲು ಮಿಲಿಮೀಟರನ್ನು ನೋಡಿಯೂ ನೋಡದಂತೆ ಇರಬೇಕಾಗುತ್ತದೆ.

ಕೊಳ್ಳುವಾಗ ಕಣ್ಣಿಗಿಂತ ಕಿವಿ ಮುಖ್ಯ. ಪರೀಕ್ಷೆಗೆಂದು ಹಾಕಿಟ್ಟ ತುಂಡು ಹಳಿಯ ಮೇಲೆ ಎಂಜಿನ್ ಇಟ್ಟು ನಿಧಾನವಾಗಿ ಓಡಿಸಿ. ಚಕ್ರ ಸುತ್ತಿದಂತೆಲ್ಲ ಲೆಕ್ಕ ಹಾಕಿದ ಹಾಗೆ ‘ಟಕ್... ಟಕ್...’ ಎಂದರೆ ಅಚ್ಚಿನ ಮೇಲಿನ ಪ್ಲಾಸ್ಟಿಕ್ ಗಿಯರ್ ಸೀಳಿರುವ ಸಂಭವ ಹೆಚ್ಚು. ಉಕ್ಕಿನ ಅಚ್ಚಿಗೆ ಬಿಗಿಯಾಗಿ ತೂರಿಸಿದ ಪ್ಲಾಸ್ಟಿಕ್, ವರ್ಷಗಟ್ಟಲೆ ಆ ಬಿಗಿತ ತಡೆದು ಕೊನೆಗೆ ಬಿಟ್ಟುಕೊಡುತ್ತದೆ. ಸೀಳಿದ ಕಡೆ ಎರಡು ಹಲ್ಲುಗಳ ನಡುವಿನ ಸಂದು ಅಗಲವಾಗಿ, ಪ್ರತಿ ಸುತ್ತಿಗೂ ಎಂಜಿನ್ ಒಮ್ಮೆ ಕುಂಟುತ್ತದೆ. ಇದು ಸಣ್ಣ ರಿಪೇರಿ, ಬಿಡಿ ಗಿಯರ್ ಸಿಗುತ್ತದೆ. ಬೆಲೆ ಇಳಿಸಲು ಒಳ್ಳೆಯ ನೆಪವೂ ಹೌದು.

ರಿಪೇರಿಯೇ ಇಲ್ಲದ ರೋಗವೊಂದಿದೆ, ಅದು ಸತುವಿನದು. ಮಾದರಿ ಎಂಜಿನ್‌ಗೆ ತೂಕ ಬೇಕಲ್ಲ, ಅದಕ್ಕೇ ಚಾಸಿಯನ್ನು ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ಯುತ್ತಾರೆ. ಆ ಎರಕದಲ್ಲಿ ಒಂಚೂರು ಸೀಸ ಬೆರೆತಿದ್ದರೂ ಲೋಹದ ಹರಳುಗಳ ಅಂಚಿನುದ್ದಕ್ಕೆ ಸವಕಳಿ ನುಗ್ಗುತ್ತದೆ. ಚಾಸಿ ಊದಿಕೊಂಡು, ಬಾಗಿ, ಬಿರುಕು ಬಿಟ್ಟು, ಕೊನೆಗೆ ಬೆರಳಲ್ಲೇ ಪುಡಿಯಾಗುತ್ತದೆ. 1929ರಲ್ಲಿ ನ್ಯೂಜೆರ್ಸಿ ಜಿಂಕ್ ಕಂಪನಿ ಶೇ 99.99ರಷ್ಟು ಶುದ್ಧ ಸತುವಿನ ಮಿಶ್ರಲೋಹ ತಂದ ಮೇಲೆ ಇದಕ್ಕೆ ಮದ್ದು ಸಿಕ್ಕಿತು. ಆದರೆ ಎಲ್ಲ ಕಾರ್ಖಾನೆಗಳೂ ಆ ಶುದ್ಧಿ ಪಾಲಿಸಲಿಲ್ಲ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾದರಿ ಕೊಳ್ಳುವವರು ಬಣ್ಣದ ಹೊಳಪಿಗೆ ಮರುಳಾಗದೆ, ಚಾಸಿ ನೆಟ್ಟಗಿದೆಯೇ ಎಂದು ಗಾಜಿನ ಮೇಲಿಟ್ಟು ನೋಡುವುದು ವಾಸಿ.

ಇನ್ನು ಮೇಲ್ದರ್ಜೆಗೆ ಏರಿಸುವ ಮಾತು. ನನಗೆ ಇದೇ ಹೆಚ್ಚು ರುಚಿಸುವ ಭಾಗ.

ಹಳೇ ಎಂಜಿನ್‌ಗೆ ಹಳಿಯಲ್ಲಿ ಹರಿಯುವ ಕರೆಂಟೇ ಅಪ್ಪಣೆ. ವೋಲ್ಟ್ ಏರಿಸಿದರೆ ವೇಗ, ಪ್ಲಸ್-ಮೈನಸ್ ಅದಲು ಬದಲಾದರೆ ಹಿಮ್ಮುಖ. ಒಂದೇ ಹಳಿಯ ಮೇಲೆ ಎರಡು ಎಂಜಿನ್ ಇಟ್ಟರೆ ಎರಡೂ ಹೊರಡುತ್ತವೆ. ಒಂದನ್ನು ನಿಲ್ಲಿಸಬೇಕೆಂದರೆ ಹಳಿಯನ್ನೇ ತುಂಡು ತುಂಡು ಮಾಡಿ ಒಂದೊಂದಕ್ಕೂ ಸ್ವಿಚ್ ಹಾಕಬೇಕಿತ್ತು. ಡಿಸಿಸಿ ಎಂಬ ಡಿಜಿಟಲ್ ಪದ್ಧತಿ ಈ ಏರ್ಪಾಡನ್ನೇ ತಿರುಗಿಸಿಬಿಟ್ಟಿತು. ಜರ್ಮನಿಯ ಲೆನ್ಸ್ ಕಂಪನಿ ರೂಪಿಸಿದ ಇದನ್ನು 1990ರ ದಶಕದಲ್ಲಿ ಅಮೆರಿಕದ ಮಾದರಿ ರೈಲು ಸಂಘವಾದ ಎನ್‌ಎಂಆರ್‌ಎ ಮಾನಕವಾಗಿ ಒಪ್ಪಿಕೊಂಡಿತು. ಇಲ್ಲಿ ಹಳಿಯಲ್ಲಿ ಯಾವಾಗಲೂ ಪೂರ್ತಿ ವೋಲ್ಟೇಜ್ ಇರುತ್ತದೆ, ಅದರ ದಿಕ್ಕು ಮಾತ್ರ ಸೆಕೆಂಡಿಗೆ ಸಾವಿರಾರು ಸಲ ಬದಲಾಗುತ್ತದೆ. 58 ಮೈಕ್ರೋಸೆಕೆಂಡಿಗೆ ತಿರುಗಿದರೆ ಅದು 1, ಸುಮಾರು 100 ಮೈಕ್ರೋಸೆಕೆಂಡ್ ತಡೆದು ತಿರುಗಿದರೆ 0. ಹೀಗೆ ಕರೆಂಟಿನ ಜೊತೆಯಲ್ಲೇ ಮಾತೂ ಹರಿಯುತ್ತದೆ: ‘ಇಂಥ ನಂಬರಿನವನೇ, ಇಷ್ಟು ವೇಗದಲ್ಲಿ ಮುಂದೆ ಹೋಗು.’ ಎಂಜಿನ್‌ನೊಳಗಿನ ಡಿಕೋಡರ್ ತನ್ನ ನಂಬರು ಕೇಳಿದಾಗ ಮಾತ್ರ ಮೋಟರಿಗೆ ಕರೆಂಟು ಬಿಡುತ್ತದೆ.

ಆದ್ದರಿಂದ ಡಿಕೋಡರ್ ಕೂರಿಸುವ ಕೆಲಸ ಶುರುವಾಗುವುದು ಮೋಟರಿಗೂ ಹಳಿಗೂ ಇರುವ ನೇರ ನಂಟನ್ನು ಕಡಿಯುವುದರಿಂದ. ಬ್ಲೂ ಬಾಕ್ಸ್‌ನಲ್ಲಿ ಲೋಹದ ಚಾಸಿಯೇ ಒಂದು ತಂತಿ: ಒಂದು ಹಳಿಯ ಕರೆಂಟು ಚಕ್ರದಿಂದ ಚಾಸಿಗೆ, ಅಲ್ಲಿಂದ ಮೋಟರಿನ ಕೆಳಗಿನ ಕ್ಲಿಪ್ಪಿಗೆ. ಇನ್ನೊಂದು ಹಳಿಯದು ಮೇಲಿನ ತಗಡಿನ ಪಟ್ಟಿಯ ಮೂಲಕ ಬರುತ್ತದೆ. ಬಿಡಿಭಾಗ ಕಮ್ಮಿ, ಖರ್ಚೂ ಕಮ್ಮಿ, ಜಾಣ ವಿನ್ಯಾಸ. ಆದರೆ ಡಿಕೋಡರಿಗೆ ಅದೇ ಮೃತ್ಯು. ಮೋಟರನ್ನು ಹೊರತೆಗೆದು, ಕೆಳಗಿನ ಕ್ಲಿಪ್ಪಿನ ಚೂಪುಗಳನ್ನು ಕತ್ತರಿಸಿ, ಚಾಸಿಯ ತಳಕ್ಕೆ ಕರೆಂಟು ಹರಿಯಗೊಡದ ಕ್ಯಾಪ್ಟಾನ್ ಟೇಪ್ ಅಂಟಿಸಿ ಮತ್ತೆ ಕೂರಿಸಬೇಕು. ಆಮೇಲೆ ಬೆಸುಗೆ. ಕೆಂಪು, ಕಪ್ಪು ತಂತಿ ಹಳಿಗಳ ಕಡೆಗೆ, ಕಿತ್ತಳೆ, ಬೂದು ಮೋಟರಿಗೆ. ಮೀಟರನ್ನು ಬೀಪ್ ಮಾಡುವ ಸ್ಥಾನದಲ್ಲಿಟ್ಟು, ಒಂದು ಕಡ್ಡಿ ಮೋಟರಿನ ಬ್ರಷ್‌ಗೂ ಇನ್ನೊಂದು ಚಕ್ರಕ್ಕೂ ತಾಗಿಸಿದಾಗ ಸದ್ದು ಬಂದರೆ ಕೆಲಸ ಮುಗಿದಿಲ್ಲ. ಈ ಪರೀಕ್ಷೆ ಬಿಟ್ಟು ನೇರ ಹಳಿಗೆ ಇಳಿಸಿದವನ ಮೂಗಿಗೆ ಸುಟ್ಟ ಚಿಪ್ಪಿನ ವಾಸನೆ ಬಡಿಯುತ್ತದೆ. ನನಗೆ ಆ ವಾಸನೆಯ ಪರಿಚಯವಿದೆ.

ಮೋಟರ್ ಎಷ್ಟು ಕುಡಿಯುತ್ತದೆ ಎಂಬುದನ್ನೂ ಮೊದಲೇ ಅಳೆದಿರಬೇಕು. 12 ವೋಲ್ಟ್ ಕೊಟ್ಟು, ಮೋಟರ್ ತಿರುಗದಂತೆ ಕ್ಷಣಕಾಲ ಹಿಡಿದು ಆಂಪಿಯರ್ ನೋಡುವುದು ಕ್ರಮ. ಎಚ್‌ಒ ಡಿಕೋಡರ್‌ಗಳು ಸಾಮಾನ್ಯವಾಗಿ 1ರಿಂದ 1.5 ಆಂಪಿಯರ್ ತಾಳುತ್ತವೆ. ಹಳೇ ಮೋಟರ್ ಅದನ್ನೂ ಮೀರಿದರೆ ಆಯಸ್ಕಾಂತ ಸೊರಗಿದೆ ಎಂದು ಅನುಮಾನಿಸಬೇಕು. ಅದರ ಜಾಗದಲ್ಲಿ ಪುಟ್ಟ ನಿಯೋಡಿಮಿಯಂ ಆಯಸ್ಕಾಂತ ಇಟ್ಟರೆ ಅದೇ ಮೋಟರ್ ಕಡಿಮೆ ಕರೆಂಟಿನಲ್ಲಿ ಓಡುತ್ತದೆ.

ಒಳ್ಳೆಯ ಡಿಕೋಡರ್ ಮಾಡುವ ಒಂದು ಚಮತ್ಕಾರ ನನಗೆ ಇವತ್ತಿಗೂ ಬೆರಗು. ಅದು ಮೋಟರಿಗೆ ಕರೆಂಟನ್ನು ತುಣುಕು ತುಣುಕಾಗಿ ಕೊಡುತ್ತದೆ. ಎರಡು ತುಣುಕುಗಳ ನಡುವೆ, ಕರೆಂಟಿಲ್ಲದೆ ತಿರುಗುತ್ತಿರುವ ಮೋಟರ್ ಕ್ಷಣಮಾತ್ರ ಡೈನಮೋ ಆಗುತ್ತದೆ. ಆಗ ಹುಟ್ಟುವ ವೋಲ್ಟೇಜನ್ನು ಅಳೆದರೆ ನಿಜವಾದ ವೇಗ ತಿಳಿಯಿತು. ಏರು ಬಂದು ವೇಗ ತಗ್ಗಿದರೆ ಮುಂದಿನ ತುಣುಕು ಕೊಂಚ ಉದ್ದ. ಹಿಂದೆ ಜಿಗಿದು ಹೊರಡುತ್ತಿದ್ದ ಎಂಜಿನ್ ಈಗ ತೆವಳುತ್ತದೆ.

ಪೆಟ್ಟಿಗೆಯ ಮೇಲೆ ‘ಡಿಸಿಸಿ ರೆಡಿ’ ಎಂದಿದ್ದರೆ ಡಿಕೋಡರ್ ಇದೆ ಎಂದು ಅರ್ಥವಲ್ಲ, ಅದನ್ನು ಸಿಕ್ಕಿಸಲು ಸಾಕೆಟ್ ಇದೆ ಎಂದಷ್ಟೇ. ಇದರಲ್ಲಿ ಮೋಸ ಹೋದವರು ಬಹಳ. ಇದಕ್ಕೆ ತಿರುಗುಮುರುಗಾದ ಪ್ರಸಂಗವೂ ಉಂಟು. ಹೊಸ ಡಿಕೋಡರ್‌ಗಳೆಲ್ಲ ಕಾರ್ಖಾನೆಯಿಂದ ಬರುವಾಗ 3 ಎಂಬ ಒಂದೇ ನಂಬರು ಹೊತ್ತು ಬರುತ್ತವೆ. ಕೊಂಡವರು ಅದನ್ನು ಬದಲಿಸಿ, ಸಾಮಾನ್ಯವಾಗಿ ಕ್ಯಾಬಿನ ಮೇಲೆ ಬರೆದ ಅಂಕಿಯನ್ನೇ ಇಡುತ್ತಾರೆ. ಮೇಜಿನ ಮೂಲೆಯಲ್ಲಿ ‘ಸತ್ತಿದೆ’ ಎಂಬ ಚೀಟಿ ಹಚ್ಚಿಸಿಕೊಂಡು ಅಗ್ಗಕ್ಕೆ ಬಿದ್ದಿರುವ ಎಂಜಿನ್‌ಗಳಲ್ಲಿ ಕೆಲವು ಸತ್ತಿರುವುದೇ ಇಲ್ಲ. ಹಿಂದಿನ ಯಜಮಾನ ಇಟ್ಟ ನಂಬರಿನಲ್ಲಿ ಯಾರಾದರೂ ಕರೆದರೆ ಹೊರಡುತ್ತವೆ.