ಯಾರ್ಕ್ ಎಂಬ ಹೆಸರು

ಯಾರ್ಕ್ ಎಂಬ ಮಾತು ಕಿವಿಗೆ ಬಿದ್ದೊಡನೆ ಒಬ್ಬೊಬ್ಬರ ಮನಸ್ಸಿಗೆ ಒಂದೊಂದು ವಸ್ತು ಹೊಳೆಯುವುದು ಸಹಜ. ಇತಿಹಾಸವನ್ನು ಓದಿದವರು ಬಿಳಿಯ ಗುಲಾಬಿಯನ್ನು ಲಾಂಛನವಾಗಿ ಧರಿಸಿದ್ದ ರಾಜವಂಶವೊಂದನ್ನು ನೆನೆಯುತ್ತಾರೆ. ವರ್ತಮಾನಪತ್ರಿಕೆಗಳನ್ನು ಓದುವವರು ಅಮೆರಿಕದ ಮಹಾನಗರವನ್ನು ನೆನೆಯುತ್ತಾರೆ. ಅರಸುಮನೆತನಗಳ ವಂಶಾವಳಿಯನ್ನು ಬಲ್ಲವರು ಇಂಗ್ಲೆಂಡಿನ ರಾಜಕುಮಾರರ ಬಿರುದೊಂದನ್ನು ನೆನೆಯುತ್ತಾರೆ. ಇವೆಲ್ಲಕ್ಕೂ ಮೂಲವಾದುದು ಉತ್ತರ ಇಂಗ್ಲೆಂಡಿನಲ್ಲಿ ಊಸ್ ಮತ್ತು ಫಾಸ್ ಎಂಬ ಎರಡು ನದಿಗಳ ಸಂಗಮದಲ್ಲಿರುವ ಒಂದು ಪುರಾತನ ಪಟ್ಟಣ. ಒಂದು ಸಣ್ಣ ಮಾತು ಇಷ್ಟು ಅರ್ಥಗಳನ್ನು ಹೊತ್ತುದು ಹೇಗೆಂಬುದನ್ನು ನಾವು ಈಗ ಸ್ವಲ್ಪ ವಿಚಾರಮಾಡಬಹುದು.

ಕ್ರಿ. ಶ. 71ರಲ್ಲಿ ರೋಮನರ ಒಂಬತ್ತನೆಯ ಸೇನೆಯು ಈ ಸಂಗಮದಲ್ಲಿ ಕೋಟೆ ಕಟ್ಟಿತು. ಸ್ಥಳದ ಹೆಸರನ್ನು ರೋಮನರು ತಾವಾಗಿ ಇಡಲಿಲ್ಲ; ಅಲ್ಲಿದ್ದ ಬ್ರಿಟನ್ನರ ಬಾಯಿಂದ ಕೇಳಿದ್ದನ್ನೇ ಲ್ಯಾಟಿನ್ನಿನ ಅಚ್ಚಿಗೆ ಹೊಂದಿಸಿ ‘ಎಬೊರಾಕಮ್’ ಎಂದು ಕರೆದರು. ಯೂ ಎಂಬ ಮರಗಳಿರುವ ತಾಣವೆಂಬುದೇ ಅದರ ಅರ್ಥವೆಂದು ವಿದ್ವಾಂಸರಲ್ಲಿ ಅನೇಕರ ಅಭಿಪ್ರಾಯ. ಮರಗಳ ಹೆಸರಿನ ಈ ಊರು ಸಾಮ್ರಾಜ್ಯದ ಚರಿತ್ರೆಯಲ್ಲಿ ದೊಡ್ಡ ಹೆಸರಾಯಿತು. 211ರಲ್ಲಿ ಸೆಪ್ಟಿಮಿಯಸ್ ಸೆವೆರಸ್ ಚಕ್ರವರ್ತಿಯು ತೀರಿಕೊಂಡುದು ಇಲ್ಲಿಯೇ. 306ರಲ್ಲಿ ಕಾನ್‌ಸ್ಟಂಟೈನನನ್ನು ಅವನ ಸೈನಿಕರು ಚಕ್ರವರ್ತಿಯೆಂದು ಘೋಷಿಸಿದುದೂ ಇಲ್ಲಿಯೇ.

ರೋಮನರು ಹೋದ ಮೇಲೆ ಆಂಗ್ಲರು ಬಂದರು. ಎಬೊರಾಕಮ್ ಎಂಬುದು ಅವರಿಗೆ ಅರ್ಥವಿಲ್ಲದ ಶಬ್ದವಾಗಿತ್ತು. ಆದರೆ ಅವರ ನುಡಿಯಲ್ಲಿ ‘ಎಯೊಫೋರ್’ ಎಂದರೆ ಕಾಡುಹಂದಿ, ‘ವಿಕ್’ ಎಂದರೆ ಬೀಡು ಅಥವಾ ಪೇಟೆ. ಆದುದರಿಂದ ಅವರ ಬಾಯಲ್ಲಿ ಊರು ‘ಎಯೊಫೋರ್‌ವಿಕ್’ ಎಂದಾಗಿ, ಮರಗಳಿದ್ದಲ್ಲಿ ಹಂದಿ ಬಂದು ನಿಂತಿತು. 866ರಲ್ಲಿ ಡೇನರು ಪಟ್ಟಣವನ್ನು ಹಿಡಿದರು. ಅವರು ಇದೇ ಹೆಸರನ್ನು ಇನ್ನಷ್ಟು ಕಿರಿದುಮಾಡಿ ‘ಯೋರ್ವೀಕ್’ ಎಂದರು. ಅವರ ಭಾಷೆಯಲ್ಲಿ ‘ವೀಕ್’ ಎಂದರೆ ಕೊಲ್ಲಿ. ಕಡಲಿಗೆ ದೂರವಾದ ಊರಿಗೆ ಕೊಲ್ಲಿಯೆಂಬ ಹೆಸರು ಬಂದುದು ಹೀಗೆ. ಈ ಯೋರ್ವೀಕೇ ಜನರ ನಾಲಗೆಯಲ್ಲಿ ಸವೆದು ಸವೆದು ಯಾರ್ಕ್ ಎಂದು ನಿಂತಿದೆ.

ಇಲ್ಲಿ ಗಮನಿಸತಕ್ಕ ಸಂಗತಿ ಒಂದುಂಟು. ಈ ಜನಾಂಗಗಳಲ್ಲಿ ಯಾವುದೂ ಹಳೆಯ ಹೆಸರನ್ನು ಕಿತ್ತೊಗೆಯಲಿಲ್ಲ. ತಿಳಿಯದ ಶಬ್ದದಲ್ಲಿ ತನಗೆ ತಿಳಿದ ಮಾತನ್ನು ಕೇಳಿಸಿಕೊಂಡು, ಅದನ್ನು ತನ್ನದೆಂದೇ ಬಗೆಯಿತು. ಹೆಸರು ಉಳಿದು ಬಂದುದು ಅದರ ಅರ್ಥ ಉಳಿದುದರಿಂದಲ್ಲ, ಅರ್ಥ ಬದಲಾಗುತ್ತ ಬಂದುದರಿಂದ. ಆದರೂ ಹಳೆಯದು ಪೂರ್ತಿಯಾಗಿ ಅಳಿಯಲಿಲ್ಲ. ಡೇನರ ‘ಗಾಟ’ ಎಂಬ ಮಾತು ಬೀದಿಯೆಂಬ ಅರ್ಥದಲ್ಲಿ ಯಾರ್ಕಿನ ಬೀದಿಗಳ ಹೆಸರಿನಲ್ಲಿ ಇಂದಿಗೂ ಇದೆ. ಸ್ಟೋನ್‌ಗೇಟ್, ಕಾಪರ್‌ಗೇಟ್ ಎಂಬ ಸ್ಥಳಗಳಲ್ಲಿ ಬಾಗಿಲನ್ನು ಹುಡುಕಿದ ಪ್ರವಾಸಿಗೆ ಬೀದಿಯೇ ಸಿಕ್ಕುತ್ತದೆ. ಕೋಟೆಯ ಬಾಗಿಲುಗಳಿಗೆ ಅಲ್ಲಿ ‘ಬಾರ್’ ಎಂದು ಹೆಸರು. 1472ರಲ್ಲಿ ಪ್ರತಿಷ್ಠೆಯಾದ, ಮಿನ್‌ಸ್ಟರ್ ಎಂಬ ಮಹಾದೇವಾಲಯದ ಆರ್ಚ್‌ಬಿಷಪ್ಪರು ತಮ್ಮ ರುಜುವಿನಲ್ಲಿ ಯಾರ್ಕ್ ಎಂದು ಬರೆಯುವುದಿಲ್ಲ. ಲ್ಯಾಟಿನ್ ಹೆಸರಿನ ಕುರುಹಾದ ‘ಎಬೊರ್’ ಎಂದು ಬರೆಯುತ್ತಾರೆ.

ಇಲ್ಲಿಯವರೆಗೆ ಹೆಸರು ಊರಿನದಾಗಿತ್ತು. 1385ರಲ್ಲಿ ಮೂರನೆಯ ಎಡ್ವರ್ಡ್ ದೊರೆಯ ಮಗನಾದ ಎಡ್ಮಂಡನಿಗೆ ಯಾರ್ಕಿನ ಡ್ಯೂಕ್ ಎಂಬ ಬಿರುದು ದೊರೆತು, ಅದು ಮನುಷ್ಯರ ಹೆಸರೂ ಆಯಿತು. ಬಿರುದಿಗೂ ಊರಿಗೂ ಇದ್ದ ನಂಟು ಎಷ್ಟು ತೆಳುವಾದುದೆಂಬುದನ್ನು ಗುಲಾಬಿಗಳ ಯುದ್ಧವೇ ತೋರಿಸಿತು. 1460ರ ಡಿಸೆಂಬರಿನಲ್ಲಿ ಎಡ್ಮಂಡನ ಮೊಮ್ಮಗನಾದ ರಿಚರ್ಡನು ವೇಕ್‌ಫೀಲ್ಡಿನ ಕದನದಲ್ಲಿ ಮಡಿದಾಗ, ಯಾರ್ಕಿನ ಡ್ಯೂಕನಾದ ಅವನ ತಲೆಯನ್ನು ವೈರಿಗಳು ಯಾರ್ಕಿನ ಮಿಕಲ್‌ಗೇಟ್ ಬಾರ್ ಎಂಬ ಹೆಬ್ಬಾಗಿಲ ಮೇಲೆಯೇ ನಿಲ್ಲಿಸಿದರು.

ಮನುಷ್ಯರ ಹೆಸರಾದ ಮೇಲೆ ಅದು ಕಡಲನ್ನು ದಾಟುವುದು ಸುಲಭವಾಯಿತು. 1664ರಲ್ಲಿ ಇಂಗ್ಲಿಷರು ಡಚ್ಚರಿಂದ ನ್ಯೂ ಆಂಸ್ಟರ್‌ಡ್ಯಾಮನ್ನು ವಶಪಡಿಸಿಕೊಂಡು, ದೊರೆಯ ತಮ್ಮನೂ ಯಾರ್ಕಿನ ಡ್ಯೂಕನೂ ಆಗಿದ್ದ ಜೇಮ್ಸನ ಗೌರವಾರ್ಥವಾಗಿ ಅದನ್ನು ನ್ಯೂ ಯಾರ್ಕ್ ಎಂದರು. ಆ ಮಹಾನಗರವು ಯೂ ಮರಗಳ ಊರನ್ನು ನೆನೆದು ಹುಟ್ಟಿದ ಹೆಸರನ್ನು ಹೊತ್ತಿಲ್ಲ. ಒಬ್ಬ ರಾಜಕುಮಾರನಿಗೆ ಸಲ್ಲಿಸಿದ ಕಾಣಿಕೆಯನ್ನು ಹೊತ್ತಿದೆ. 2020ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ ಸುಮಾರು 88 ಲಕ್ಷ. 2021ರ ಗಣತಿಯಲ್ಲಿ ಮೂಲ ಯಾರ್ಕಿನದು ಸುಮಾರು 2 ಲಕ್ಷ. ಆದರೆ ಅಧಿಕಾರವು ಕೊಟ್ಟ ಹೆಸರು ಎಲ್ಲೆಡೆಯೂ ನಿಲ್ಲುವುದೆಂದು ಹೇಳಲಾಗದು. ಕೆನಡಾದಲ್ಲಿ 1793ರಲ್ಲಿ ಇನ್ನೊಬ್ಬ ಡ್ಯೂಕನ ನೆನಪಿಗಾಗಿ ಯಾರ್ಕ್ ಎಂದು ಕರೆಯಲ್ಪಟ್ಟ ಪಟ್ಟಣವು 1834ರಲ್ಲಿ ಆ ಹೆಸರನ್ನು ಕಳಚಿ, ಆ ನೆಲದ ಹಳೆಯ ಹೆಸರಾದ ಟೊರಾಂಟೊ ಎಂಬುದನ್ನೇ ಮತ್ತೆ ತಾಳಿತು.

ಇದುವರೆಗೆ ಹೇಳಿದ ಅರ್ಥಗಳೆಲ್ಲ ನಿಘಂಟಿನಲ್ಲಾಗಲಿ ಭೂಪಟದಲ್ಲಾಗಲಿ ದೊರೆಯತಕ್ಕವು. ಅವುಗಳಲ್ಲಿ ಸಿಕ್ಕದ ಅರ್ಥ ಇನ್ನೊಂದಿದೆ. 1190ರ ಮಾರ್ಚ್ ತಿಂಗಳಲ್ಲಿ ಯಾರ್ಕಿನ ಯೆಹೂದ್ಯರು ದೊಂಬಿಗೆ ಹೆದರಿ ಅರಸನ ಕೋಟೆಯ ಗೋಪುರದಲ್ಲಿ ಆಶ್ರಯ ಪಡೆದರು. ಜನ ಸುತ್ತುವರಿದರು. ಬದುಕುವ ಆಸೆ ತಪ್ಪಿದಾಗ ಒಳಗಿದ್ದವರಲ್ಲಿ ಹೆಚ್ಚಿನವರು ವೈರಿಯ ಕೈಗೆ ಸಿಕ್ಕುವುದಕ್ಕಿಂತ ತಾವಾಗಿ ಸಾಯುವುದೇ ಲೇಸೆಂದು ಪ್ರಾಣಬಿಟ್ಟರು. ಅಭಯವನ್ನು ನಂಬಿ ಹೊರಬಂದವರನ್ನು ದೊಂಬಿಯವರು ಕೊಂದರು. ಸತ್ತವರು ಸುಮಾರು 150 ಮಂದಿಯೆಂದು ಎಣಿಕೆ. ಅನಂತರ ಗುಂಪು ದೇವಾಲಯಕ್ಕೆ ಹೋಗಿ, ಅಲ್ಲಿ ಇಟ್ಟಿದ್ದ ಸಾಲದ ಪತ್ರಗಳನ್ನು ಸುಟ್ಟುಹಾಕಿತು. ಆ ಕೊಲೆಗೆ ಮತದ್ವೇಷದೊಡನೆ ಸಾಲದ ಲೆಕ್ಕವೂ ಸೇರಿತ್ತೆಂಬುದನ್ನು ತಿಳಿಯಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆ ಸ್ಥಳದಲ್ಲಿ ಈಗ ಕ್ಲಿಫರ್ಡನ ಗೋಪುರವೆಂಬ ಕಲ್ಲಿನ ಕಟ್ಟಡವಿದೆ. ಸತ್ತವರ ನೆನಪಿನ ಫಲಕವನ್ನು ಅದರ ದಿಬ್ಬದ ಬುಡದಲ್ಲಿ ಇಟ್ಟುದು 1978ರಲ್ಲಿ, ಎಂದರೆ 788 ವರ್ಷಗಳ ಬಳಿಕ. ಯೆಹೂದ್ಯರ ಪಾಲಿಗೆ ಯಾರ್ಕ್ ಎಂಬ ಹೆಸರು ಆ ಎಂಟು ಶತಮಾನಗಳಲ್ಲಿ ಮರವನ್ನಾಗಲಿ, ಹಂದಿಯನ್ನಾಗಲಿ, ಗುಲಾಬಿಯನ್ನಾಗಲಿ ಸೂಚಿಸಲಿಲ್ಲ. ಆ ಗೋಪುರವನ್ನು ಸೂಚಿಸಿತು. ಆದುದರಿಂದ ಒಂದು ಊರಿನ ಹೆಸರಿಗೆ ಅರ್ಥವೇನೆಂದು ವಿಚಾರಿಸುವಾಗ, ಅದನ್ನು ಇಟ್ಟವರನ್ನೂ ತಿದ್ದಿದವರನ್ನೂ ಕೇಳಿದರೆ ಸಾಲದು. ಆ ಊರಿನಲ್ಲಿ ಬಾಳಿ ನೊಂದವರನ್ನೂ ಕೇಳಬೇಕೆಂದು ನಮಗೆ ತೋರುತ್ತದೆ.